ಮೇಣದಬತ್ತಿ ಮತ್ತು ರಾಜೀನಾಮೆ

ಕೇಂದ್ರ ಲೋಕಸೇವಾ ಆಯೋಗ ನಡೆಸುವ ನಾಗರಿಕ ಸೇವಾ ಪರೀಕ್ಷೆಯಲ್ಲಿ 2013ರಿಂದ ನೀತಿಶಾಸ್ತ್ರಕ್ಕೆಂದೇ ಒಂದು ಪತ್ರಿಕೆಯಿದೆ. 250 ಅಂಕಗಳದ್ದು. ಮಹಾನ್ ನಾಯಕರು, ಸುಧಾರಕರು, ಆಡಳಿತಗಾರರ ಬದುಕಿನಿಂದ ಕಲಿಯುವ ಪಾಠಗಳು ಅನ್ನುವುದು ಅದರ ಪಠ್ಯಕ್ರಮದ ಒಂದು ಭಾಗ. ಫೆಲೋಶಿಪ್ ಹಣ ತಡವಾಗುವ ತಿಂಗಳುಗಳಲ್ಲಿ ನಾನು ಈ ಪತ್ರಿಕೆಯ ಮಾದರಿ ಉತ್ತರಗಳನ್ನು ತಿದ್ದುತ್ತೇನೆ. ಕನ್ನಡದಲ್ಲಿ ಪರೀಕ್ಷೆ ಬರೆಯುವವರ ಕಟ್ಟು ನನ್ನ ಪಾಲಿಗೆ ಬರುತ್ತದೆ. ಆಡಳಿತಗಾರರ ಬದುಕು ಎಂದ ಕೂಡಲೇ ಹೆಚ್ಚಿನವರು ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಬರೆಯುತ್ತಾರೆ. ಅವರ ಬಗ್ಗೆ ಬರೆದವರೆಲ್ಲ ಹೆಚ್ಚುಕಡಿಮೆ ಮೇಣದಬತ್ತಿಯ ಕತೆಯನ್ನೇ ಬರೆಯುತ್ತಾರೆ.

ಕತೆ ನಿಮಗೂ ಗೊತ್ತು. ಸರ್ಕಾರದ ಕೆಲಸ ಮಾಡುವಾಗ ಸರ್ಕಾರದ ಮೇಣದಬತ್ತಿ. ಸ್ವಂತದ ಕಾಗದ ಬರೆಯಬೇಕಾದಾಗ ಅದನ್ನು ಆರಿಸಿ, ತಮ್ಮ ದುಡ್ಡಿನಲ್ಲಿ ತಂದ ಇನ್ನೊಂದು. ಇದೇ ಕತೆಯನ್ನು ಚಾಣಕ್ಯನ ಬಗ್ಗೆಯೂ ಹೇಳುತ್ತಾರೆ, ಅಲ್ಲಿ ಎಣ್ಣೆಯ ದೀಪ. ಖಲೀಫ ಉಮರ್ ಬಿನ್ ಅಬ್ದುಲ್ ಅಜೀಜರ ಬಗ್ಗೆಯೂ ಹೇಳುತ್ತಾರೆ. ಶತಮಾನಗಳಿಂದ ದೇಶ ಸುತ್ತುತ್ತಿರುವ ಕತೆ ಇದು. ಒಳ್ಳೆಯ ಅಧಿಕಾರಿಯೊಬ್ಬ ಎಲ್ಲಿ ಸಿಕ್ಕಿದರೂ ಅವನ ಮೇಜಿನ ಮೇಲೆ ಹೋಗಿ ಕೂರುತ್ತದೆ. ಅಧಿಕಾರದಲ್ಲಿರುವವನಿಂದ ಜನ ಏನನ್ನು ಬಯಸುತ್ತಾರೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಆದರೆ ನನಗೆ ಈ ಕತೆಯ ಮೇಲೊಂದು ತಕರಾರಿದೆ. ಅದರಲ್ಲಿ ಯಾರಿಗೂ ಏನೂ ಕಷ್ಟವಿಲ್ಲ. ಯಾವುದು ಸರಿ, ಯಾವುದು ತಪ್ಪು ಎಂಬುದು ಬತ್ತಿ ಹಚ್ಚುವ ಮೊದಲೇ ಗೊತ್ತಿದೆ. ಸರಿಯಾದದ್ದನ್ನು ಮಾಡಲು ತಗಲುವ ಖರ್ಚು ಒಂದು ಮೇಣದಬತ್ತಿಯದ್ದು. ಸಾರ್ವಜನಿಕ ಸೇವೆಯಲ್ಲಿ ಮೂವತ್ತು ನಲವತ್ತು ವರ್ಷ ಕಳೆದವರ ಬದುಕಿನಲ್ಲಿ ಇಂಥ ಪ್ರಶ್ನೆಗಳು ದಿನಾ ಬರುತ್ತವೆ, ದಿನಾ ಮುಗಿಯುತ್ತವೆ. ಇಡೀ ವೃತ್ತಿಯನ್ನು ಒರೆಗೆ ಹಚ್ಚುವ ಪ್ರಶ್ನೆ ಬೇರೆಯೇ. ವಿಶ್ವೇಶ್ವರಯ್ಯನವರಿಗೆ ಅದು 1918ರಲ್ಲಿ ಎದುರಾಯಿತು. ನಾನು ತಿದ್ದಿದ ಉತ್ತರಗಳಲ್ಲಿ ಅದರ ಉಲ್ಲೇಖ ಬಹಳ ಅಪರೂಪ. ಬಂದರೂ ‘ಅಭಿಪ್ರಾಯಭೇದದಿಂದ ದಿವಾನಗಿರಿ ಬಿಟ್ಟರು’ ಎಂಬ ಅರ್ಧ ಸಾಲಿನಲ್ಲಿ ದಾಟಿಹೋಗುತ್ತದೆ. ಅಭಿಪ್ರಾಯಭೇದ ಯಾವುದರ ಬಗ್ಗೆ ಎಂದು ಬರೆಯಲು ಹುಡುಗರು ಹಿಂಜರಿಯುತ್ತಾರೆ. ಅವರ ಹಿಂಜರಿಕೆ ನನಗೆ ಅರ್ಥವಾಗುತ್ತದೆ.

ಸಂಗತಿ ಇಷ್ಟು. ಮೈಸೂರು ಸಂಸ್ಥಾನದಲ್ಲಿ ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಶುರುವಾಯಿತು. ಪರೀಕ್ಷೆಯಿಂದ ಅಧಿಕಾರಿಗಳನ್ನು ಆರಿಸುವುದು ಆ ಕಾಲಕ್ಕೆ ದೊಡ್ಡ ಸುಧಾರಣೆಯೇ. ಅದಿಲ್ಲದ ಕಡೆ ನೇಮಕವೆಂದರೆ ಯಾರದೋ ಮರ್ಜಿ. ಆದರೆ ಇಪ್ಪತ್ತೈದು ವರ್ಷಗಳ ನಂತರ ನೋಡಿದರೆ, ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ವರಷ್ಟೂ ಇಲ್ಲದ ಬ್ರಾಹ್ಮಣರು ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚನ್ನು ತುಂಬಿದ್ದರು. ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು ಮತ್ತು ಇತರರು ಇದನ್ನು ಎತ್ತಿ ಆಡತೊಡಗಿದರು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಮರುವರ್ಷ ಅದರ ನಿಯೋಗ ನಾಲ್ವಡಿ ಕೃಷ್ಣರಾಜ ಒಡೆಯರ ಮುಂದೆ ಅಹವಾಲು ಇಟ್ಟಿತು. ಮಹಾರಾಜರು ಮೈಸೂರಿನ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಆರು ವರ್ಷ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಆ ವರ್ಷದ ಕೊನೆಗೆ ಹುದ್ದೆಯಿಂದ ಹೊರಬಂದರು. ಅರಮನೆಯ ಒಳಗಿನ ಬೇರೆ ಇರುಸುಮುರುಸುಗಳೂ ಇದ್ದವು. ಆದರೆ ಮುಖ್ಯ ಕಾರಣ ಈ ಪ್ರಶ್ನೆಯೇ ಎಂಬುದರಲ್ಲಿ ಇತಿಹಾಸಕಾರರಿಗೆ ಹೆಚ್ಚು ಭಿನ್ನಮತವಿಲ್ಲ.

ಅವರ ನಿಲುವನ್ನು ಅದರ ಅತ್ಯಂತ ಗಟ್ಟಿಯಾದ ರೂಪದಲ್ಲೇ ಹೇಳಬೇಕು, ಅಣಕ ಮಾಡಿ ಗೆಲ್ಲುವುದು ಸುಲಭ. ಹುದ್ದೆಗೆ ಯೋಗ್ಯತೆಯೇ ಅಳತೆ. ಹಿಂದುಳಿದವರಿಗೆ ಶಾಲೆ ಕೊಡಿ, ವಿದ್ಯಾರ್ಥಿವೇತನ ಕೊಡಿ, ಕೈಗಾರಿಕೆ ತನ್ನಿ. ಕಲಿತವರು ತಾವಾಗಿ ಬರುತ್ತಾರೆ. ಜಾತಿ ನೋಡಿ ಹುದ್ದೆ ಹಂಚಿದರೆ ಆಡಳಿತ ಸಡಿಲವಾಗುತ್ತದೆ, ಅದರ ಪೆಟ್ಟು ಬೀಳುವುದು ಬಡವರ ಮೇಲೆಯೇ. ಇದು ಬಾಯಿಮಾತಾಗಿರಲಿಲ್ಲ. ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು 1913ರಲ್ಲಿ ಬಂದದ್ದು, ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಶುರುವಾದದ್ದು ಅವರ ಕಾಲದಲ್ಲೇ. ಮೀಸಲಾತಿಯನ್ನು ವಿರೋಧಿಸುತ್ತ ಶಾಲೆಗಳನ್ನೂ ಮುಚ್ಚುವವರನ್ನು ನಾವು ಇಂದು ನೋಡುತ್ತಿದ್ದೇವೆ. ಅವರೊಂದಿಗೆ ಇವರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಇಲ್ಲಿ ಹತ್ತು ವರ್ಷ ಹಿಂದಕ್ಕೆ ಹೋಗಬೇಕು. 1884ರಲ್ಲಿ ಮುಂಬೈ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದ ವಿಶ್ವೇಶ್ವರಯ್ಯನವರು 1908ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ, ಸ್ವಇಚ್ಛೆಯಿಂದ ನಿವೃತ್ತರಾದರು. ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳು ಆಗಲೇ ಹೆಸರು ಮಾಡಿದ್ದವು. ಹಲವು ಹಿರಿಯರನ್ನು ದಾಟಿ ಬಡ್ತಿಯೂ ಸಿಕ್ಕಿತ್ತು. ಹಾಗಿದ್ದೂ ಬಿಟ್ಟದ್ದೇಕೆ? ಮುಖ್ಯ ಎಂಜಿನಿಯರ್ ಹುದ್ದೆ ಆಗ ಭಾರತೀಯರ ಕೈಗೆ ಎಟುಕುವಂಥದ್ದಲ್ಲ ಎಂಬುದು ಸಾಮಾನ್ಯವಾಗಿ ಕೊಡುವ ಉತ್ತರ. ಅಂದರೆ, ಎಷ್ಟೇ ಯೋಗ್ಯತೆಯಿದ್ದರೂ ಹುಟ್ಟಿನ ಕಾರಣಕ್ಕೆ ತೆರೆಯದ ಬಾಗಿಲೊಂದನ್ನು ಅವರು ಕಣ್ಣಾರೆ ಕಂಡಿದ್ದರು.

ಹತ್ತೇ ವರ್ಷಗಳ ಅಂತರದಲ್ಲಿ ನಡೆದ ಈ ಎರಡು ನಿರ್ಗಮನಗಳನ್ನು ಪಕ್ಕಪಕ್ಕ ಇಟ್ಟು ನಾನು ಬಹಳ ದಿನ ಯೋಚಿಸಿದ್ದೇನೆ. ಒಂದು ರೀತಿಯಲ್ಲಿ ಎರಡಕ್ಕೂ ಒಂದೇ ತರ್ಕ. ಮುಂಬೈಯಲ್ಲಿ ಹುಟ್ಟು ಯೋಗ್ಯತೆಯನ್ನು ತಡೆಯಿತು, ಮೈಸೂರಿನಲ್ಲಿ ಹುಟ್ಟು ಯೋಗ್ಯತೆಯ ಜಾಗಕ್ಕೆ ಬರುತ್ತಿದೆ, ಎರಡನ್ನೂ ಒಪ್ಪೆ. ಕೇಳಲು ನೇರವಾಗಿದೆ. ಆದರೆ ಇನ್ನೊಂದು ಕಡೆಯಿಂದ ನೋಡಿದರೆ ಮುಂಬೈಯ ಬಾಗಿಲಿನ ಮೇಲೆ ಬೋರ್ಡು ಇತ್ತು. ಯಾರಿಗೆ ಪ್ರವೇಶವಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಮೈಸೂರಿನ ಬಾಗಿಲಿಗೆ ಅಂಥ ಬೋರ್ಡಿರಲಿಲ್ಲ. ಅದು ಎಲ್ಲರಿಗೂ ತೆರೆದೇ ಇತ್ತು. ಆದರೆ ಒಳಗೆ ಬಂದವರನ್ನು ಎಣಿಸಿದರೆ ಮಾತ್ರ ಅದು ಯಾರಿಗೆ ತೆರೆದಿದೆ ಎಂದು ತಿಳಿಯುತ್ತಿತ್ತು. ಬೋರ್ಡು ಇರುವ ಬಾಗಿಲಿನಿಂದ ನೊಂದವನಿಗೆ ಬೋರ್ಡಿಲ್ಲದ ಬಾಗಿಲು ಕಾಣಿಸುವುದು ಕಷ್ಟವೋ ಏನೋ. ತಾನು ಒಳಗಿರುವಾಗ ಇನ್ನೂ ಕಷ್ಟ.

ಅವರ ಯೋಗ್ಯತೆಯಾದರೂ ಬಯಲಿನಲ್ಲಿ ತಾನೇ ತಾನಾಗಿ ಬೆಳೆದದ್ದೇನಲ್ಲ. ತಂದೆ ಸಂಸ್ಕೃತ ವಿದ್ವಾಂಸರು. ಹುಡುಗನಿಗೆ ಇನ್ನೂ ಮೀಸೆ ಮೂಡುವ ಮೊದಲೇ ತೀರಿಕೊಂಡರು. ಬಡತನ ನಿಜ, ಮನೆಪಾಠ ಹೇಳಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದೂ ನಿಜ. ಹಾಗೆಯೇ ಅಕ್ಷರ ಮನೆಯೊಳಗೇ ಇತ್ತು ಎಂಬುದೂ ನಿಜ. ಪುಣೆಯ ಕಾಲೇಜಿಗೆ ಹೋದದ್ದು ಮೈಸೂರು ಸರ್ಕಾರದ ಸಹಾಯದಿಂದ. ದುಡ್ಡಿಲ್ಲದ ಬಡತನ ಬೇರೆ, ಅಕ್ಷರವೇ ಇಲ್ಲದ ಬಡತನ ಬೇರೆ. ಎರಡನೆಯದರಲ್ಲಿ ಹುಟ್ಟಿದ ಮಗು ಪರೀಕ್ಷೆಯ ಕೋಣೆಯವರೆಗೆ ಬರುವಷ್ಟರಲ್ಲಿ ಮೊದಲನೆಯದರ ಮಗು ಅಮಲ್ದಾರನಾಗಿರುತ್ತದೆ. ಪ್ರಶ್ನೆಪತ್ರಿಕೆ ಇಬ್ಬರಿಗೂ ಒಂದೇ.

ಈ ಪ್ರಶ್ನೆಯನ್ನು ಬರೀ ನ್ಯಾಯದ ಪ್ರಶ್ನೆಯಾಗಿ ನೋಡಿ, ದಕ್ಷತೆಯನ್ನು ಎದುರುಪಕ್ಷಕ್ಕೆ ಬಿಟ್ಟುಕೊಡುವುದು ನಮ್ಮಲ್ಲಿ ರೂಢಿಯಾಗಿದೆ. ನ್ಯಾಯ ಒಂದು ತಟ್ಟೆಯಲ್ಲಿ, ದಕ್ಷತೆ ಇನ್ನೊಂದರಲ್ಲಿ. ಎಷ್ಟು ದಕ್ಷತೆ ಕೊಟ್ಟು ಎಷ್ಟು ನ್ಯಾಯ ಕೊಳ್ಳೋಣ ಎಂಬ ಚೌಕಾಸಿ. ಇದು ನನಗೆ ಒಪ್ಪಿಗೆಯಿಲ್ಲ. ನಮ್ಮೂರ ಕಡೆ ಯಾರಾದರೂ ತಾಲ್ಲೂಕು ಕಚೇರಿಗೆ ಹೊರಟರೆ, ಪಹಣಿ ತಿದ್ದುಪಡಿಗೋ ಪಿಂಚಣಿಗೋ, ಮನೆಯವರು ಕೇಳುವ ಮೊದಲ ಪ್ರಶ್ನೆ ‘ಅಲ್ಲಿ ನಮ್ಮೋರು ಯಾರಾದ್ರೂ ಇದಾರಾ?’ ಎಂಬುದು. ಅರ್ಜಿಯ ನಮೂನೆ ಯಾವುದು, ಯಾವ ದಾಖಲೆ ಬೇಕು ಎಂಬುದೆಲ್ಲ ಆಮೇಲೆ. ಓದಿದವರು ಈ ಪ್ರಶ್ನೆಯನ್ನು ಕೇಳಿ ಮೂಗು ಮುರಿಯುತ್ತಾರೆ. ಸ್ವಜನಪಕ್ಷಪಾತದ ಮೂಲವೇ ಇದು ಎನ್ನುತ್ತಾರೆ. ಹೌದು, ಮೂಲವೇ. ಆದರೆ ಅದರೊಳಗೆ ಇನ್ನೊಂದು ದನಿಯಿದೆ. ನನ್ನ ಮಾತು ಅರ್ಥವಾಗುವವರು, ನಿಂತಲ್ಲೇ ನಿಲ್ಲಿಸಿ ಮಾತಾಡದವರು, ನನ್ನ ಹೊಲದ ಹೆಸರನ್ನು ಎರಡನೇ ಸಲ ಕೇಳದೆ ಬರೆದುಕೊಳ್ಳುವವರು ಯಾರಾದರೂ ಇದ್ದಾರಾ? ಕಚೇರಿಯ ಮೆಟ್ಟಿಲು ಹತ್ತುವ ಧೈರ್ಯ ಆ ‘ಹೂಂ’ನಲ್ಲಿದೆ.

ಹಾಗಾದರೆ ಯಾವ ಅಧಿಕಾರಿ ದಕ್ಷ? ಕಡತವನ್ನು ತಪ್ಪಿಲ್ಲದೆ ಬರೆದು ಮುಗಿಸುವವನೋ, ಯಾರ ಕಡತ ಹುಟ್ಟಲೇ ಇಲ್ಲ ಎಂಬುದು ಗೊತ್ತಿರುವವನೋ? ಅರ್ಜಿಯನ್ನೇ ಕೊಡದವನ ಕಷ್ಟ ಯಾವ ದಕ್ಷತೆಯ ಲೆಕ್ಕಕ್ಕೂ ಬರುವುದಿಲ್ಲ. ಮೆಟ್ಟಿಲು ಹತ್ತದವರ ಸಂಖ್ಯೆ ಹೆಚ್ಚಿದಷ್ಟೂ ಕಚೇರಿಯ ಮೇಜು ಚೊಕ್ಕಟವಾಗಿ ಕಾಣುತ್ತದೆ. ಆಡಳಿತದ ದಕ್ಷತೆ ಅಧಿಕಾರಿಯ ತಲೆಯೊಳಗೆ ಇರುವ ವಸ್ತುವಲ್ಲ. ಅದು ಅವನಿಗೂ ಜಗುಲಿಯಲ್ಲಿ ಕಾದು ಕುಳಿತವನಿಗೂ ನಡುವೆ ನಡೆಯುವ ಒಂದು ವ್ಯವಹಾರ.

ಇದು ನೂರು ವರ್ಷ ಕಳೆದ ಮೇಲೆ ಹೊಳೆದ ಜಾಣತನ, ಅಂದಿನವರನ್ನು ಇಂದಿನ ಕಣ್ಣಿನಿಂದ ಅಳೆಯಬೇಡಿ ಎಂದು ಯಾರಾದರೂ ಹೇಳಬಹುದು. ನನ್ನ ಸಂಶೋಧನೆಯ ಮಾರ್ಗದರ್ಶಕರೂ ಈ ಎಚ್ಚರಿಕೆಯನ್ನು ಆಗಾಗ ಕೊಡುತ್ತಿರುತ್ತಾರೆ. ಸಾಮಾನ್ಯವಾಗಿ ಒಳ್ಳೆಯ ಎಚ್ಚರಿಕೆಯೇ. ಇಲ್ಲಿ ಅದು ಅನ್ವಯಿಸುವುದಿಲ್ಲ. ಏಕೆಂದರೆ 1919ರಲ್ಲೇ ಮಿಲ್ಲರ್ ಸಮಿತಿ ತನ್ನ ವರದಿಯಲ್ಲಿ, ದಕ್ಷತೆಯನ್ನು ಓದಿನ ಅರ್ಹತೆಯೊಂದರಿಂದಲೇ ಅಳೆಯಲಾಗದು, ಆಡಳಿತದ ಎಷ್ಟೋ ವಿಭಾಗಗಳಲ್ಲಿ ಸಹಾನುಭೂತಿ, ಪ್ರಾಮಾಣಿಕತೆ, ಹುರುಪು, ವ್ಯವಹಾರಜ್ಞಾನ ಇವೂ ಅಷ್ಟೇ ಮುಖ್ಯ ಎಂಬರ್ಥದ ಮಾತನ್ನು ಬರೆದಿತ್ತು. ಮಹಾರಾಜರಿಗೂ ಇದು ಕಂಡಿತ್ತು. ಪ್ರಜಾಮಿತ್ರ ಮಂಡಳಿಯವರಿಗಂತೂ ಕಾಣದೆ ಇರಲು ಸಾಧ್ಯವೇ ಇರಲಿಲ್ಲ. ಸಮಿತಿ ಯೋಗ್ಯತೆಯನ್ನು ಕಿತ್ತೆಸೆಯಲೂ ಇಲ್ಲ. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗುವಂತಾಗಬೇಕು, ಅರ್ಹರಾದವರು ದೊರೆತಾಗ ತೀರಾ ತುಳಿತಕ್ಕೊಳಗಾದವರಿಗೆ ಆದ್ಯತೆ ಇರಬೇಕು ಎಂದಿತು. ಕೇಳಿದ್ದು ಅರ್ಹರನ್ನೇ. ಅರ್ಹರು ಎಲ್ಲಿದ್ದಾರೆ ಎಂದು ಹುಡುಕಬೇಕಾದವರು ಇದುವರೆಗೆ ಒಂದೇ ಬೀದಿಯಲ್ಲಿ ಹುಡುಕುತ್ತಿದ್ದರು ಎಂಬುದಷ್ಟೇ ಅದರ ತಾತ್ಪರ್ಯ.

ಇಂಥ ಬುದ್ಧಿವಂತನಿಗೆ, ಅಣೆಕಟ್ಟಿನ ಗೋಡೆಯ ಮೇಲೆ ಬೀಳುವ ಪ್ರತಿಯೊಂದು ಒತ್ತಡವನ್ನೂ ಲೆಕ್ಕ ಹಾಕಬಲ್ಲವನಿಗೆ, ಇದೇಕೆ ಕಾಣಲಿಲ್ಲ? ನನ್ನ ಉತ್ತರ ನನಗೇ ಕಸಿವಿಸಿ ತರುವಂಥದ್ದು: ಮೇಣದಬತ್ತಿಯ ಕಾರಣಕ್ಕೇ. ಲಂಚ ಮುಟ್ಟದವನು, ಬಂಧುಗಳಿಗೆ ಹುದ್ದೆ ಕೊಡದವನು, ಸರ್ಕಾರದ ಒಂದು ಹಾಳೆಯನ್ನೂ ಮನೆಗೆ ಒಯ್ಯದವನು ತನ್ನ ತೀರ್ಮಾನದಲ್ಲಿ ಸ್ವಾರ್ಥವಿಲ್ಲ ಎಂದು ನಂಬುವುದು ಸಹಜ. ಆ ನಂಬಿಕೆ ನಿಜವೂ ಹೌದು. ಆದರೆ ಸ್ವಾರ್ಥವಿಲ್ಲದ ಮಾತ್ರಕ್ಕೆ ತೀರ್ಮಾನಕ್ಕೆ ಒಂದು ಜಾಗ, ಒಂದು ಕೋನ ಇಲ್ಲದಂತಾಗುವುದಿಲ್ಲ. ಭ್ರಷ್ಟನಿಗೆ ತಾನು ಪಕ್ಷಪಾತಿ ಎಂಬುದು ಒಳಗೊಳಗೇ ಗೊತ್ತಿರುತ್ತದೆ. ಶುದ್ಧಹಸ್ತನಿಗೆ ಅದನ್ನು ತೋರಿಸಿಕೊಡುವುದು ಹೇಗೆ? ಕೈ ತೋರಿಸುತ್ತಾನೆ, ಕೈ ಶುದ್ಧವಾಗಿಯೇ ಇರುತ್ತದೆ. ಪ್ರಾಮಾಣಿಕತೆ ಹುದ್ದೆಯಲ್ಲಿ ಕುಳಿತವನು ಹೇಗಿರಬೇಕು ಎಂಬ ಪ್ರಶ್ನೆಗೆ ಉತ್ತರ. ಯಾರು ಕುಳಿತಿದ್ದಾರೆ, ಯಾರು ಎಂದೂ ಕೂರಲಿಲ್ಲ ಎಂಬ ಪ್ರಶ್ನೆಗೆ ಅದರ ಬಳಿ ಹೇಳಲು ಏನೂ ಇಲ್ಲ. ನಾವು ಮೊದಲನೆಯ ಪ್ರಶ್ನೆಗೆ ಸಿಕ್ಕ ಉತ್ತರದಿಂದ ಎಷ್ಟು ತೃಪ್ತರಾಗುತ್ತೇವೆ ಎಂದರೆ, ಎರಡನೆಯದನ್ನು ಕೇಳಿದವರನ್ನು ಕೃತಘ್ನರಂತೆ ನೋಡುತ್ತೇವೆ.

ಇಷ್ಟೆಲ್ಲ ಹೇಳಿದ ಮೇಲೂ ರಾಜೀನಾಮೆ ಎಂಬ ಕ್ರಿಯೆಯನ್ನು ನಾನು ಹಗುರವಾಗಿ ನೋಡಲಾರೆ. ರಾಜೀನಾಮೆಗಳಲ್ಲಿ ಬಗೆಬಗೆಯವಿವೆ. 1956ರಲ್ಲಿ ಅರಿಯಲೂರು ರೈಲು ದುರಂತದ ನಂತರ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಕೊಟ್ಟದ್ದು ತಾವೇ ಮಾಡದ ತಪ್ಪಿನ ಹೊಣೆ ಹೊತ್ತು. ನಮ್ಮ ಮಾಸ್ತಿಯವರು ಮೈಸೂರು ಸಿವಿಲ್ ಸರ್ವಿಸಿನಲ್ಲಿ ದಶಕಗಳ ಕಾಲ ದುಡಿದು, 1943ರಲ್ಲಿ, ಕಿರಿಯರೊಬ್ಬರನ್ನು ತಮಗಿಂತ ಮೇಲಕ್ಕೆ ಏರಿಸಿದಾಗ ಹೊರಬಂದರು. ಅದು ಸ್ವಾಭಿಮಾನದ ರಾಜೀನಾಮೆ. ಅದನ್ನು ಸಣ್ಣದೆಂದು ನಾನು ಎಣಿಸುವುದಿಲ್ಲ, ಮನುಷ್ಯನಿಗೆ ತನ್ನ ಬೆಲೆ ತಾನೇ ಇಟ್ಟುಕೊಳ್ಳುವ ಹಕ್ಕಿದೆ. ಅಲ್ಲದೆ ಅದರಿಂದ ಕನ್ನಡಕ್ಕೆ ಲಾಭವೇ ಆಯಿತು. ವಿಶ್ವೇಶ್ವರಯ್ಯನವರದ್ದು ಮೂರನೆಯ ಬಗೆ. ಒಡೆಯರು ಮಾಡಹೊರಟ ಕೆಲಸ ತಪ್ಪೆಂದು ತೋರಿತು, ಆ ಕೆಲಸವನ್ನು ಮಾಡಿಸಬೇಕಾದ ಕುರ್ಚಿ ತಮ್ಮದು, ಕುರ್ಚಿ ಬಿಟ್ಟರು.

ಅವರಿಗೆ ಇನ್ನೊಂದು ದಾರಿ ಇರಲಿಲ್ಲವೆಂದಲ್ಲ. ಕಚೇರಿಯ ಬದುಕು ಬಲ್ಲ ಯಾರಿಗಾದರೂ ಆ ದಾರಿ ಗೊತ್ತು. ಒಪ್ಪಿದಂತೆ ತಲೆಯಾಡಿಸುವುದು, ಸಮಿತಿಗೆ ಮೇಲೊಂದು ಉಪಸಮಿತಿ ಮಾಡುವುದು, ಇನ್ನಷ್ಟು ಅಂಕಿಅಂಶ ಬೇಕೆನ್ನುವುದು, ಕಡತವನ್ನು ‘ಚರ್ಚಿಸಿ’ ಎಂದು ಬರೆದು ಹಿಂದಕ್ಕೆ ಕಳಿಸುವುದು. ವಿರೋಧಿಸದೆ ಸೋಲಿಸುವ ಈ ಕಲೆ ನಮ್ಮ ಆಡಳಿತದಲ್ಲಿ ಚೆನ್ನಾಗಿ ಬೆಳೆದಿದೆ. ಇಂದು ಭರ್ತಿಯಾಗದೆ ಉಳಿಯುವ ಮೀಸಲು ಹುದ್ದೆಗಳ ಹಿಂದೆ ಯಾರೂ ವಿರೋಧಿಸಿದ ದಾಖಲೆ ಇರುವುದಿಲ್ಲ, ‘ಅರ್ಹ ಅಭ್ಯರ್ಥಿಗಳು ಲಭ್ಯವಿಲ್ಲ’ ಎಂಬ ಒಂದು ಒಕ್ಕಣೆ ಇರುತ್ತದೆ. ಸಂದರ್ಶನದ ಕೋಣೆಯಲ್ಲಿ ಕುಳಿತು, ಕಾನೂನಿನ ಮೇಲೆ ಗೌರವವಿದೆ ಎನ್ನುತ್ತಲೇ ಅದನ್ನು ಬರಡು ಮಾಡುವವರ ಪಕ್ಕದಲ್ಲಿ, ‘ನನಗೆ ಇದು ಒಪ್ಪಿಗೆಯಿಲ್ಲ, ಆದ್ದರಿಂದ ನಾನು ಇಲ್ಲಿರುವುದಿಲ್ಲ’ ಎಂದವರು ಎಷ್ಟೋ ಎತ್ತರದಲ್ಲಿ ನಿಲ್ಲುತ್ತಾರೆ. ತಪ್ಪು ಎಂದು ನಾನು ತಿಳಿದ ನಿಲುವಿಗಾಗಿ ಒಬ್ಬರು ಮಾಡಿದ ಸರಿಯಾದ ಕೆಲಸ ಇದು. ಹೀಗೂ ಆಗುತ್ತದೆ ಎಂಬುದನ್ನು ಅಂಕ ಕೊಡುವ ನೀತಿಶಾಸ್ತ್ರಕ್ಕೆ ಅರಗಿಸಿಕೊಳ್ಳುವುದು ಕಷ್ಟ. ಮಾದರಿ ಉತ್ತರದಲ್ಲಿ ವ್ಯಕ್ತಿ ಪೂರ್ತಿ ಮಾದರಿಯಾಗಿರಬೇಕು.

ಒಂದು ನಷ್ಟವನ್ನೂ ಹೇಳಬೇಕು. ಸಂಸ್ಥಾನದ ಅತ್ಯಂತ ಸಮರ್ಥ ಆಡಳಿತಗಾರ ಹೊರನಡೆದಾಗ ಹೊಸ ನೀತಿಗೆ ಅವರ ಕೈ ಸಿಗಲಿಲ್ಲ. ಗುರಿ, ಗಡುವು, ತರಬೇತಿ, ಹಾಸ್ಟೆಲು, ವರ್ಷಕ್ಕೊಂದು ವರದಿ ಎಂದು ಯೋಜನೆ ಕಟ್ಟುವುದರಲ್ಲಿ ಅವರಿಗೆ ಸಮಾನರಿರಲಿಲ್ಲ. ಆ ಶಿಸ್ತು ಮಿಲ್ಲರ್ ವರದಿಯ ಬೆನ್ನಿಗೆ ನಿಂತಿದ್ದರೆ ಏನಾಗುತ್ತಿತ್ತು ಎಂದು ಊಹಿಸುವ ಆಸೆಯಾಗುತ್ತದೆ. ‘ನಮ್ಮೋರು’ ಎಂಬ ಪದದ ಇನ್ನೊಂದು ಮುಖ, ಅಂದರೆ ಮೇಲೆ ಬಂದವರು ತಮ್ಮವರನ್ನಷ್ಟೇ ಎಳೆದುಕೊಂಡು ಏಣಿ ಮೇಲಕ್ಕೆತ್ತುವ ಮುಖ, ಮುಂದಿನ ದಶಕಗಳಲ್ಲಿ ಕಾಣಿಸಿತು. ಬ್ರಾಹ್ಮಣೇತರ ಎಂಬ ಒಂದೇ ಕೊಡೆಯ ಕೆಳಗೆ ದೊಡ್ಡ ಸಮುದಾಯಗಳು ಮುಂದೆ ನಿಂತವು, ಸಣ್ಣವು ಮಳೆಯಲ್ಲೇ ಉಳಿದವು. 1972ರಲ್ಲಿ ಎಲ್.ಜಿ. ಹಾವನೂರು ಆಯೋಗ ಮತ್ತೆ ಲೆಕ್ಕ ಹಾಕಬೇಕಾಗಿ ಬಂದದ್ದು ಇದಕ್ಕೇ. ಕಟುವಾಗಿ ತಪಾಸಣೆ ಮಾಡುವ ಒಬ್ಬ ಪ್ರಾಮಾಣಿಕ ವಿರೋಧಿ ಒಳಗಿದ್ದಿದ್ದರೆ ಈ ಪ್ರಶ್ನೆ ಅರ್ಧ ಶತಮಾನ ಮೊದಲೇ ಏಳುತ್ತಿತ್ತೇನೋ. ಆದರೆ ನಂಬದ ಕೆಲಸವನ್ನು ಚೆನ್ನಾಗಿ ಮಾಡು ಎಂದು ಯಾರಿಂದಲಾದರೂ ಕೇಳಬಹುದೇ? ಸೈನಿಕನಿಂದ ಕೇಳುತ್ತೇವೆ, ವಕೀಲನಿಂದ ಕೇಳುತ್ತೇವೆ. ದಿವಾನನಿಂದ ಕೇಳಬಹುದೇ ಎಂಬ ಬಗ್ಗೆ ನನ್ನ ಮನಸ್ಸು ಈಗಲೂ ಒಂದು ಕಡೆ ನಿಂತಿಲ್ಲ.

ಜಗಳ ಅಲ್ಲಿಗೇ ಮುಗಿಯಲಿಲ್ಲವಲ್ಲ. ವಿಶ್ವೇಶ್ವರಯ್ಯನವರು 1962ರ ಏಪ್ರಿಲಿನಲ್ಲಿ ತೀರಿಕೊಂಡರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಬಾಲಾಜಿ ಪ್ರಕರಣದಲ್ಲಿ ಮೈಸೂರು ರಾಜ್ಯದ ಶೇ. 68ರ ಮೀಸಲಾತಿಯನ್ನು ರದ್ದುಮಾಡಿತು. ಅರ್ಧದ ಮಿತಿ ಎಂಬ ಮಾತು ಹುಟ್ಟಿದ್ದು ಅಲ್ಲೇ. ಮಿಲ್ಲರ್ ವರದಿಗೆ ಸರಿಯಾಗಿ ನೂರು ವರ್ಷವಾದಾಗ, 2019ರಲ್ಲಿ, ಕರ್ನಾಟಕದ್ದೇ ಬಡ್ತಿ ಮೀಸಲಾತಿ ಕಾನೂನನ್ನು ಎತ್ತಿಹಿಡಿಯುತ್ತ ಅದೇ ಕೋರ್ಟು, ಆಡಳಿತದ ದಕ್ಷತೆಯನ್ನು ಎಲ್ಲರನ್ನೂ ಒಳಗೊಳ್ಳುವ ಅರ್ಥದಲ್ಲಿ ನೋಡಬೇಕು, ಪರೀಕ್ಷೆಯ ಅಂಕವೇ ಯೋಗ್ಯತೆಯಲ್ಲ ಎಂದಿತು. ಮಿಲ್ಲರ್ ಸಮಿತಿ ಒಂದು ಶತಮಾನ ಕಾಯಬೇಕಾಯಿತು.

ದಿವಾನಗಿರಿ ಬಿಟ್ಟ ವಿಶ್ವೇಶ್ವರಯ್ಯನವರು ಮೈಸೂರನ್ನು ಬಿಡಲಿಲ್ಲ. ಅವರೇ ಕನಸು ಕಂಡ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕಷ್ಟದಲ್ಲಿದ್ದಾಗ, ಯಾವ ಸರ್ಕಾರದಿಂದ ಹೊರಬಂದಿದ್ದರೋ ಅದೇ ಸರ್ಕಾರ ಕರೆಯಿತು; ಹೋದರು. 1923ರಿಂದ 1929ರವರೆಗೆ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ಮಿಲ್ಲರ್ ಶಿಫಾರಸುಗಳನ್ನು ಸರ್ಕಾರ ಒಪ್ಪಿದ್ದು 1921ರಲ್ಲಿ, ಸಮಿತಿ ಹಾಕಿದ್ದ ಗಡುವು ಏಳು ವರ್ಷ. ಅಂದರೆ ಅವರು ಭದ್ರಾವತಿಯ ಕುಲುಮೆಯ ಮುಂದೆ ನಿಂತು ಸೌದೆ, ಅದಿರು, ಖರ್ಚಿನ ಲೆಕ್ಕ ನೋಡುತ್ತಿದ್ದ ವರ್ಷಗಳಲ್ಲೇ, ಸಂಸ್ಥಾನದ ತಾಲ್ಲೂಕು ಕಚೇರಿಗಳಲ್ಲಿ ತಮ್ಮ ಮನೆತನದಲ್ಲಿ ಮೊದಲ ಸಲ ಸರ್ಕಾರದ ಕುರ್ಚಿಯಲ್ಲಿ ಕುಳಿತ ಹುಡುಗರು ಅರ್ಜಿ ಬರೆದುಕೊಳ್ಳುವುದನ್ನು ಕಲಿಯುತ್ತಿದ್ದರು.